ಜ್ವರಕ್ಕೆ ಕೂತ ಹುಳು

ಡಸ್ಟರಿನಿಂದ ಎದ್ದ ಸೀಮೆಸುಣ್ಣದ ಪುಡಿ ಮೂಗಿಗೆ ಬಡಿದರೂ ಬ್ಲೀಚಿಂಗ್ ಪೌಡರಿನ ವಾಸನೆ ಬಂದ ಹಾಗಾಗುತ್ತದೆ, ಛೇ, ಇದು ಚಿಂತಾಮಣಿಯ ಕಾಲೇಜು, ಕೆಂಚಾರ್ಲಹಳ್ಳಿಯ ನಮ್ಮ ರೇಷ್ಮೆ ಹುಳುಮನೆಯಲ್ಲ, ಬರೆಯಿರಿ ಮೇಷ್ಟ್ರೇ ಎಂದು ಉದಯಕುಮಾರ್ ತನ್ನನ್ನೇ ಗದರಿಕೊಂಡು ಬೋರ್ಡಿನ ಮೇಲೆ ಬರೆಯುತ್ತಾನೆ, ಯುರೋಪಿನ ಜ್ಞಾನೋದಯ, ವಿವೇಕ, ನೀತಿ, ಸ್ವಾತಂತ್ರ್ಯ — ಅಕ್ಷರವೇನೋ ದುಂಡಗಿದೆ, ಬರೆದವನ ಮುಖಕ್ಕಿಷ್ಟು — ಮೂರನೇ ಬೆಂಚಿನಲ್ಲಿ ಗೌತಮಿ ಇದ್ದಾಳೆ, ಗಂಟೆ ಹೊಡೆಯುವುದರೊಳಗೆ ತಪ್ಪಾಯ್ತಮ್ಮ ಅಂದುಬಿಡಬೇಕು, ಬಸ್ಸಿನಲ್ಲಿ ಮೂರು ಸಲ ಹೇಳಿಕೊಂಡಿದ್ದಾಗಿದೆ, ಭಾನುವಾರ ಅವಳೂ ಗೆಳತಿ ಶಿರೀಷಾಳೂ ಮನೆಗೆ ಬಂದು, ನಮ್ಮಪ್ಪನೂ ಹುಳ ಸಾಕ್ತಾರೆ ಸರ್, ನಿಮ್ಮ ಹೊಸ ತಳಿ ನೋಡ್ಬೇಕು ಅಂದಾಗ ಅವನಿಗೆ ಎಂಥ ಹಿಗ್ಗು, ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಬನ್ನಿ, ಇದು ವಿಜ್ಞಾನ, ಎಂದು ಭಾಷಣ ಬೇರೆ, ಶಿರೀಷಾ ಅದ್ದಿ ಒಳಗೆ ಹೋದಳು, ಗೌತಮಿ ಅದ್ದುವಾಗ ಅವನ ತಾಯಿ ವರಲಕ್ಷ್ಮಮ್ಮ ಬಂದು, ನೀನು ಯಾರ ಪೈಕಿಯಮ್ಮ ಎಂದು ಕೇಳಿದರು, ಅವಳು ಅಳುಕಲಿಲ್ಲ, ಬೌದ್ಧರಮ್ಮ, ತಾತನ ಕಾಲದವರೆಗೂ ಊರಾಚೆ ಕೇರಿಯವರು, ಅಂದಳು, ತಾಯಿ ಮಗನ ಮುಖ ನೋಡಿದರು, ಅಷ್ಟೇ, ಅಷ್ಟಕ್ಕೇ ಹನ್ನೊಂದು ವರ್ಷ ಪಾಠ ಹೇಳಿದ ಬುದ್ಧಿ ಥಟ್ಟನೆ ಒಂದು ಕಾರಣ ಹೆಕ್ಕಿಕೊಟ್ಟಿತು, ಹುಳ ಜ್ವರಕ್ಕೆ ಕೂತವೆ ಕಣಮ್ಮ, ಪೊರೆ ಬಿಡೋ ಹೊತ್ತು, ಜನ ಜಾಸ್ತಿ ಹೋಗ್ಬಾರ್ದು, ಇನ್ನೊಂದಿನ ಬಾ. ತಡೆದದ್ದು ತಾಯಿಯಲ್ಲ, ಅವನು. ಅದೂ ವಿಜ್ಞಾನದ ಹೆಸರಿನಲ್ಲಿ.

ಸರ್, ಒಂದು ಡೌಟು — ಗೌತಮಿ ಎದ್ದು ನಿಂತಿದ್ದಾಳೆ — ನಿಜವಾದ ಕಾರಣ ಹೇಳೋಕೆ ನಾಚಿಕೆ ಆಗಿ ಬೇರೆ ಕಾರಣ ಹೇಳಿದ್ರೆ, ಅದನ್ನೂ ವಿವೇಕ ಅಂತೀವಾ ಸರ್, ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ, ಹೇಳು, ಈಗಲೇ ಹೇಳು, ಬಾಯಿ ತೆರೆಯುತ್ತಾನೆ, ಒಳ್ಳೆ ಪ್ರಶ್ನೆ ಕಣಮ್ಮ, ಆದ್ರೆ ಪರೀಕ್ಷೆಗೆ ಬರಲ್ಲ, ಕೂತ್ಕೋ — ಥೂ, ಹೇಡಿ, ಇದೇ ಬಾಯಲ್ಲಿ ಸ್ವಾತಂತ್ರ್ಯ ಪಾಠ ಮಾಡುತ್ತೀಯ — ಅವಳು ಸರಿ ಸರ್ ಎಂದು ಕೂರುತ್ತಾಳೆ, ಆವತ್ತಿನ ಹಾಗೆಯೇ, ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ಹುಳು ಸಾಕುವವನ ಮಗಳಿಗೆ ಅದು ಗೊತ್ತಿಲ್ಲವೇ, ಹೊಸಲಾಚೆ ಒದ್ದೆ ಕಾಲಲ್ಲಿ ನಿಂತು ಕಿವಿಗೊಟ್ಟಳಲ್ಲ, ಒಳಗೆ ಸಾವಿರಾರು ಹುಳು ಸರಸರ ಸೊಪ್ಪು ಮೇಯುವ ಸದ್ದು, ಅವನಿಗೂ ಕೇಳಿಸುತ್ತಿತ್ತು, ಅವಳಿಗೂ ಕೇಳಿಸುತ್ತಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು, ಸರಿ ಸರ್ ಅಂದಳು, ಒದ್ದೆ ಕಾಲು, ಕಿವಿಗೊಟ್ಟ ಮುಖ, ಒಳಗೆ ಹುಳುಗಳು ಮೇಯುತ್ತಿವೆ, ಒದ್ದೆ ಕಾಲು, ಕಿವಿಗೊಟ್ಟ ಮುಖ —