ಬಾದಾಮಿ ಮರದ ಅಂಗಳ

ಶಿವಯೋಗಿ ಹೊಸ ಮೆಷಿನ್ನಿನ ಗುಂಡಿ ಒತ್ತಿದ್ದೇ ತಡ, ಅಂಗಳದ ಒಂದಿಷ್ಟು ಎಲೆಗಳು ಒಮ್ಮೆಗೇ ಎದ್ದು ಕಾಂಪೌಂಡಿನಾಚೆ ಪಕ್ಕದ ಮನೆಯ ಸಂಡಿಗೆಯ ಮೇಲೆ ಬಿದ್ದವು. ಸಂಡಿಗೆ ಕಾಯುತ್ತ ಕೂತಿದ್ದ ಉಜ್ಜನಪ್ಪನವರು ಪೇಪರು ಮಡಿಚಿಟ್ಟು ಎಲೆ ಆಯತೊಡಗಿದರು. ಶಿವಯೋಗಿ ಗಾಬರಿಯಿಂದ ಮೆಷಿನ್ ತಿರುಗಿಸಿದ. ಇನ್ನಷ್ಟು ಎಲೆಗಳು ಬಾಗಿಲು ದಾಟಿ ನಡುಮನೆಗೇ ನುಗ್ಗಿದವು. ಜಗುಲಿಯಲ್ಲಿ ಸೊಂಟಕ್ಕೆ ಬೆಲ್ಟ್ ಬಿಗಿದು ಕೂತಿದ್ದ ಅವನ ಹೆಂಡತಿ ಪ್ರೇಮಮ್ಮ ಕಣ್ಣು ಮುಚ್ಚಿಕೊಂಡಳು.

ಅವಳ ಬೆನ್ನಿನ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಓಡಾಡಬಹುದು, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಭದ್ರಾವತಿ ನ್ಯೂಟೌನಿನ ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಿಂದಲೂ ಅವಳ ದಿನ ಶುರುವಾಗುತ್ತಿದ್ದದ್ದೇ ಬಾದಾಮಿ ಮರದ ಕೆಳಗೆ. ಚಳಿಗಾಲ ಬಂತೆಂದರೆ ಆ ಮರ ಅಂಗೈಯಗಲದ ಕೆಂಪೆಲೆಗಳನ್ನು ಸುರಿಸುವುದೇ ಸುರಿಸುವುದು. ಈ ಸಲ ಪೊರಕೆ ಹಿಡಿದವನು ಶಿವಯೋಗಿ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಕಬ್ಬಿಣ ಕಡೆಯುವ ಕೈಗೆ ಪೊರಕೆ ಮಾತ್ರ ಒಗ್ಗಲಿಲ್ಲ. ಗುಡಿಸಿದಲ್ಲೇ ಗುಡಿಸುತ್ತಿದ್ದ, ಮೂಲೆ ಬಿಡುತ್ತಿದ್ದ.

ಹೋದ ವಾರ ಅವನು ಸ್ನಾನ ಮುಗಿಸಿ ಬಂದಾಗ ಪ್ರೇಮಮ್ಮ ಮರ ಹಿಡಿದುಕೊಂಡು ನಿಂತಿದ್ದಳು, ನೆಟ್ಟಗಾಗಲು ಬಾರದೆ. ಪೊರಕೆ ಕಾಲ ಬಳಿ ಬಿದ್ದಿತ್ತು. ಎರಡು ದಿನ ಹಾಸಿಗೆ ಹಿಡಿದವಳನ್ನು ಅವನು ಬೈಯಲಿಲ್ಲ. ಯಾಕೆ ಹೋದೆ ಎಂದಷ್ಟೇ ಕೇಳಿದ. ಅಂಗಳ ನೋಡಿದರೆ ಬೇರೆ ಯಾರದೋ ಮನೆಯಲ್ಲಿ ಇದ್ದ ಹಾಗಾಗುತ್ತದೆ ಎಂದಳು ಅವಳು. ಶನಿವಾರ ಕೆಲಸ ಮುಗಿಸಿದವನೇ ಶಿವಮೊಗ್ಗದ ಬಿ.ಎಚ್. ರಸ್ತೆಗೆ ಹೋಗಿ, ಎಲೆಯನ್ನು ಊದುವ, ಬೇಕೆಂದರೆ ಹೀರಿ ಪುಡಿ ಮಾಡಿ ಚೀಲಕ್ಕೆ ತುಂಬುವ ಈ ಮೆಷಿನ್ ತಂದಿದ್ದ.

ಈಗ ಪ್ರೇಮಮ್ಮ ಮೆಲ್ಲನೆ ಮೆಟ್ಟಿಲಿಳಿದು ಬಂದು ಕೈ ಚಾಚಿದಳು.

"ತನ್ನಿ ಇಲ್ಲಿ."

"ನಿಂಗ್ಯಾಕೆ ಮಾರಾಯ್ತಿ? ನೀನು ಬಗ್ಗಬಾರ್ದು ಅಂತಾನೇ ತಂದಿದ್ದು."

"ಇದ್ರಲ್ಲಿ ಬಗ್ಗೋ ಕೆಲ್ಸ ಎಲ್ಲೈತೆ? ನಿಂತ್ಕಂಡೇ ಮಾಡ್ಬೋದಲ್ಲ."

ಇದು ಶಿವಯೋಗಿಗೆ ಹೊಳೆದೇ ಇರಲಿಲ್ಲ. ಆದರೂ ಮೆಷಿನ್ ಕೊಡಲಿಲ್ಲ. ಕೈಯಲ್ಲೇ ತೂಗಿ ನೋಡಿದ. ಮೂರ್ನಾಲ್ಕು ಕೇಜಿಗೆ ಕಮ್ಮಿಯಿಲ್ಲ. ಸ್ವಲ್ಪ ಯೋಚಿಸಿ, ಅದರ ಪಟ್ಟಿಯನ್ನು ತನ್ನ ಹೆಗಲಿಗೇರಿಸಿಕೊಂಡು, ಕೊಳವೆಯನ್ನಷ್ಟೇ ಅವಳ ಕೈಗಿಟ್ಟ.

"ಗಾಳಿ ಹೊಳೆ ಕಡೆಯಿಂದ ಬರ್ತೈತೆ," ಎಂದಳು ಪ್ರೇಮಮ್ಮ. "ಅದ್ರ ಜೊತೆಗೇ ಹೋಗ್ಬೇಕು. ಎದುರಿಗೆ ಹೋದ್ರೆ ಆಗಲ್ಲ."

ಬಾವಿಕಟ್ಟೆಯ ಮೂಲೆಯಿಂದ ಶುರು ಮಾಡಿದರು. ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ತಿರುಗಬೇಕಾದಲ್ಲಿ ಅವಳು ಮೊಣಕೈಯಿಂದ ಅವನನ್ನು ತಿವಿಯುತ್ತಿದ್ದಳು, ನಿಲ್ಲಬೇಕಾದಲ್ಲಿ ಅವನ ಕಾಲು ಮೆಟ್ಟುತ್ತಿದ್ದಳು. ಅವಳ ಕೈಯಲ್ಲಿ ಎಲೆಗಳು ಕುರಿಮಂದೆಯಂತೆ ಗೋಡೆಯಂಚಿಗೆ ನಡೆದವು. ಅಲ್ಲಿ ಅವನು ಕೊಳವೆ ಬದಲಿಸಿ ಚೀಲ ಸಿಕ್ಕಿಸಿದ. ಗುಡ್ಡೆಯಾಗಿದ್ದ ಎಲೆ ನೋಡನೋಡುತ್ತಿದ್ದಂತೆ ಒಳಗೆ ಸರಿದು ಪುಡಿಯಾಯಿತು.

ಮೆಷಿನ್ ನಿಂತಿತು. ಪ್ರೇಮಮ್ಮನ ಹಣೆಯಲ್ಲಿ ಬೆವರು, ಸೆರಗಿನ ತುಂಬ ಧೂಳು. ಪುಡಿ ಎಷ್ಟು ನುಣ್ಣಗಾಗಿದೆ ನೋಡಬೇಕು ಎಂದಳು. ಶಿವಯೋಗಿ ಚೀಲದ ಬಾಯಿ ಬಿಚ್ಚಿ, ಎರಡೂ ಕೈಯಲ್ಲಿ ಅವಳ ಎದೆಮಟ್ಟಕ್ಕೆ ಎತ್ತಿ ಹಿಡಿದ. ಅವಳು ಮೊಣಕೈವರೆಗೂ ಅದರೊಳಗೆ ಕೈ ಇಳಿಸಿದಳು. ಪುಡಿ ಇನ್ನೂ ಬೆಚ್ಚಗಿತ್ತು.