ಬಾಗಿಲಾಚೆಯ ಕೆಮ್ಮು

ಕೆಮ್ಮು ಬದಲಾಯಿಸುವುದು ಇವತ್ತಿಗೂ ಪಟ್ಟಿಯಲ್ಲಿ ಹಾಗೇ ಇತ್ತು. ‘ತಾತ್ಕಾಲಿಕ. ಆಮೇಲೆ ಬೇರೆ ಸದ್ದು ಹಾಕುವುದು.’ ಹನ್ನೊಂದು ವರ್ಷದ ಹಿಂದೆ ಅವನೇ ಬರೆದದ್ದು. ಕಂಪನಿ ಮುಚ್ಚುವ ದಿನ ಮಾಡಲು ಉಳಿದ ಕೆಲಸ ಇದೊಂದೇ ಎಂದು ಅವನಿಗೆ ನಗು ಬಂತು. ನಗಲಿಲ್ಲ.

ಹೊರಗಿನ ಕೋಣೆಯಲ್ಲಿ ತಂಗಿ ಗೋಡೆಯ ಪೋಸ್ಟರ್‌ಗಳನ್ನು ಕಿತ್ತು ಸುರುಳಿ ಸುತ್ತುತ್ತಿದ್ದಳು. ಪ್ರೋಗ್ರಾಂ ಬರೆಯುವವಳು ಅವಳು. ಮಾತಾಡಿ ಮಾರುವವನು ಇವನು. ಇಬ್ಬರೇ ಮನೆಯ ಹಾಲ್‌ನಲ್ಲಿ ಕೂತು ಮೊದಲ ವಿಡಿಯೋ ಗೇಮ್ ಮಾಡಿದ್ದರು. ಒಂದು ಖಾಲಿ ಮನೆ, ಮುಚ್ಚಿದ ಬಾಗಿಲು, ಬಾಗಿಲಾಚೆ ಯಾರೋ ಕೆಮ್ಮುವ ಸದ್ದು. ಅಷ್ಟೇ. ಆಡಿದವರೆಲ್ಲ ಬೆಚ್ಚಿಬಿದ್ದರು.

ಆ ಕೆಮ್ಮಿನ ಪುಣ್ಯದಿಂದ ಆಫೀಸು ಬಂತು, ಹದಿನಾಲ್ಕು ಜನ ಬಂದರು, ಬೇರೆಯವರ ಆಟಗಳನ್ನೂ ಪ್ರಕಟಿಸುವ ಹುಮ್ಮಸ್ಸು ಬಂತು. ಒಂಬತ್ತು ಆಟ ಪ್ರಕಟಿಸಿದರು. ಒಂಬತ್ತೂ ಒಂದರ ಹಿಂದೊಂದು ನೆಲ ಕಚ್ಚಿದವು. ಅವುಗಳಲ್ಲಿ ಯಾರೂ ಕೆಮ್ಮಿರಲಿಲ್ಲ.

ಕೆಮ್ಮಿದ್ದು ಅಪ್ಪ. ಹಾಲ್‌ಗೆ ತಾಗಿದ ಕೋಣೆಯಲ್ಲಿ ಮಲಗಿದ್ದ ಅಪ್ಪನಿಗೆ ಕೂಗುವ ತ್ರಾಣವಿರಲಿಲ್ಲ. ನೀರು ಬೇಕಾದರೆ ಕೆಮ್ಮುತ್ತಿದ್ದರು. ಒಂದು ಮಧ್ಯಾಹ್ನ ‘ಬಂದೆ ಅಪ್ಪಾ’ ಎನ್ನುವ ಬದಲು ಅವನು ಬಾಗಿಲಿಗೆ ಮೈಕು ಹಿಡಿದ. ಒಳ್ಳೆ ಸದ್ದು ಸಿಗಲೆಂದು ಹತ್ತು ನಿಮಿಷ ಬಾಗಿಲು ತೆರೆಯಲಿಲ್ಲ.

ಅಪ್ಪ ಹೋಗಿ ಆರು ವರ್ಷವಾಯಿತು. ಆಟ ಕೊಂಡ ಸಾವಿರಾರು ಮನೆಗಳಲ್ಲಿ ಇನ್ನೂ ಕೆಮ್ಮುತ್ತಿದ್ದಾರೆ. ಯಾರೂ ನೀರು ಕೊಡುವುದಿಲ್ಲ.

“ಅಣ್ಣಾ, ಐದು ಗಂಟೆಗೆ ಕಂಪ್ಯೂಟರ್ ಒಯ್ಯೋಕೆ ಬರ್ತಾರೆ. ಏನಾದ್ರೂ ಉಳಿಸ್ಕೋಬೇಕಾ?”

“ಏನಿದೆ ಉಳಿಸ್ಕೊಳ್ಳೋಕೆ?”

ತಂಗಿ ಸುರುಳಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು. “ಅಪ್ಪಂಗೆ ಗೊತ್ತಿತ್ತು.”

“ಏನು?”

“ಕೆಮ್ಮು ಯಾರದು ಅಂತ. ಒಂದಿನ ನನ್ನ ಕೈಲಿ ಆಟ ಹಾಕಿಸ್ಕೊಂಡು ನೋಡಿದ್ರು. ಬಾಗಿಲ ತನಕ.”

“ಯಾರೋ ನಟನ ಕೈಲಿ ಮಾಡಿಸಿದ್ದು ಅಂದಿದ್ದೆ ನಾನು.”

“ಹೂಂ. ಅಂದಿದ್ದೆ.”

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. “ಏನಂದ್ರು?”

“ಒಳಗೇನಿದೆ ಅಂದ್ರು. ಏನೂ ಇಲ್ಲಪ್ಪ, ಕೋಣೇನೇ ಮಾಡಿಲ್ಲ, ಬಾಗಿಲು ಮುಟ್ಟಿದ ತಕ್ಷಣ ಆಟ ಮುಗಿಯುತ್ತೆ ಅಂದೆ.”

“ಅದಕ್ಕೆ?”

“ನಕ್ಕರು.”

ಅವಳು ಮೆಟ್ಟಿಲಿಳಿದು ಹೋದಳು. ಐದಕ್ಕೆ ಇನ್ನು ಹತ್ತು ನಿಮಿಷವಿತ್ತು. ಸರಿಯಾಗಿ ಹತ್ತೇ. ಇವತ್ತು ಆ ಬಾಗಿಲಾಚೆ ಹೋಗದಿದ್ದರೆ ಇನ್ನೆಂದೂ ಇಲ್ಲ.

ತಪ್ಪು ಹುಡುಕಲೆಂದು ತಂಗಿ ಇಟ್ಟುಕೊಂಡಿದ್ದ ಆಟದ ಪ್ರತಿಯಲ್ಲಿ ಒಂದು ಗುಂಡಿ ಒತ್ತಿದರೆ ಗೋಡೆ ದಾಟಿ ನಡೆಯಬಹುದಿತ್ತು. ಒತ್ತಿದ. ಬಾಗಿಲನ್ನು ಮುಟ್ಟದೆ ಪಕ್ಕದ ಗೋಡೆಯೊಳಗಿಂದ ನಡೆದ.

ಒಳಗೆ ನೆಲವೂ ಇರಲಿಲ್ಲ. ಬರೀ ಬೂದುಬಣ್ಣ. ಹಿಂತಿರುಗಿ ನೋಡಿದ. ಗೋಡೆಗೆ ಹೊರಮೈ ಮಾತ್ರ ಬಿಡಿಸಿದ್ದರು. ಒಳಗಿನಿಂದ ಗೋಡೆಯೇ ಇಲ್ಲ, ಬಾಗಿಲೂ ಇಲ್ಲ. ಹಾಲ್ ಪೂರ್ತಿ ಕಾಣುತ್ತಿತ್ತು. ಮೇಜು, ದೀಪ, ಇತ್ತ ಬೆನ್ನು ಮಾಡಿದ ಕುರ್ಚಿ. ಮನೆಯದನ್ನೇ ನೋಡಿ ಬಿಡಿಸಿದ ಕುರ್ಚಿ, ಅವನದೇ. ಆರು ಹೆಜ್ಜೆ ದೂರ. ಕೈ ಚಾಚಿದರೆ ಸಿಗುತ್ತದೇನೋ ಎನಿಸಿತು.

ಕೆಮ್ಮು ಕೇಳಿಸಿತು. ಇಷ್ಟು ಹತ್ತಿರದಿಂದ ಅವನು ಅದನ್ನು ಎಂದೂ ಕೇಳಿರಲಿಲ್ಲ.

“ಅಣ್ಣಾ! ಅವ್ರು ಬಂದ್ರು!” ಕೆಳಗಿನಿಂದ ತಂಗಿ ಕೂಗಿದಳು.

ಬಂದೆ ಎನ್ನಲು ಬಾಯಿ ತೆರೆದ. ಕೆಮ್ಮಿದ. ಸ್ವಲ್ಪ ಹೊತ್ತು ಕಾದು ಇನ್ನೊಮ್ಮೆ ಕೆಮ್ಮಿದ.

ಕುರ್ಚಿ ಬೆನ್ನು ತಿರುಗಿಸಿಕೊಂಡೇ ಇತ್ತು.