ಬೆನಕಪ್ಪ ಕೆಡಿಸಿದ ಕಂಪ್ಯೂಟರ್

ಗೋಡೆಗೆ ಒರಗಿಸಿ ಕೂರಿಸಿದ್ದ ಬೆನಕಪ್ಪನ ಹೆಣ ಬಲಕ್ಕೆ ವಾಲುತ್ತಿತ್ತು. ತಮ್ಮ ಪಾಪಣ್ಣ ಅದರ ಎದೆಗೆ ಬಟ್ಟೆ ಸುತ್ತಿ ಮೊಳೆಗೆ ಬಿಗಿಯುತ್ತಿದ್ದಾಗ ಅಧ್ಯಕ್ಷ ಪಂಚಾಕ್ಷರಪ್ಪನವರ ಜೀಪು ತ್ಯಾವಣಿಗೆಯ ಆ ಮನೆಯ ಮುಂದೆ ನಿಂತಿತು. ಅವರ ಚನ್ನಗಿರಿಯ ಅಡಿಕೆ ಸಂಘದಲ್ಲಿ ಬೆನಕಪ್ಪ ಗುಮಾಸ್ತನಾಗಿದ್ದ. ಎಂಬತ್ತೇಳನೇ ಇಸವಿಯಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂದ ಮೇಲೆ ಅದನ್ನು ನಡೆಸುತ್ತಿದ್ದವನೂ ಅವನೇ.

ಅಧ್ಯಕ್ಷರು ಹಾರ ಹಾಕಿದರು. ಹಾಕಿದ ಕೈ ಕೆಳಗಿಳಿಯುವ ಮೊದಲೇ ಕಂಪ್ಯೂಟರಿನ ಮಾತು ತೆಗೆದರು. ಮಿಷಿನ್ ಏಳುತ್ತಲೇ ಇಲ್ಲವಂತೆ. ಬೆನಕಪ್ಪ ಮುಚ್ಚಳ ಬಿಚ್ಚಿ ವೈರು ಎಳೆದೆಳೆದೇ ಅದು ಕೆಟ್ಟಿತಂತೆ. ಇಷ್ಟಾದರೂ ತಾವು ಅವನನ್ನು ಕೆಲಸದಿಂದ ತೆಗೆಯಲಿಲ್ಲವಂತೆ. ಜಗಲಿಯಲ್ಲಿದ್ದವರು ಎಲೆಅಡಿಕೆ ಜಗಿಯುತ್ತಲೇ ಹೌದೌದು ಎಂದರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಬೆನಕಪ್ಪ ಸತ್ತ ಮೇಲೂ ಗುದ್ದು ತಿನ್ನುತ್ತಿದ್ದ. ಅವನ ಹೆಂಡತಿ ಕಸ್ತೂರಮ್ಮ ಹೆಣದ ಪಕ್ಕ ಕೂತು ಆ ಕೆಂಪು ಬಾಯಿಗಳನ್ನೇ ನೋಡಿದಳು. ಮಿಷಿನ್ ಕೆಡಿಸಿದವನೆಂಬ ಹೆಸರು ಹೊರಿಸಿಯೇ ಗಂಡನನ್ನು ಮಣ್ಣು ಮಾಡುತ್ತಾರೆಂದು ಅವಳಿಗೆ ಗೊತ್ತಾಯಿತು.

*

ಹಾರ್ಡ್ ಡಿಸ್ಕ್ ಮೊದಲ ಸಲ ಸುಮ್ಮನಾದಾಗ ಬೆನಕಪ್ಪ ಫ್ಲಾಪಿಗೆ ಹೋಗುವ ಕರೆಂಟಿನ ವೈರನ್ನು ಅದಕ್ಕೆ ಸಿಕ್ಕಿಸಿ ನೋಡಿದ್ದ. ತಿರುಗಲಿಲ್ಲ. ಆದರೆ ಊರ ಸುತ್ತಲ ಪಂಪ್‌ಸೆಟ್‌ಗಳು ನಿಂತ ಹೊತ್ತಿಗೆ ಅದೇ ಡಿಸ್ಕ್ ಗುಂಯ್ ಎಂದು ತಿರುಗಿತು. ದೋಷ ವೈರಿನದಲ್ಲ, ಕರೆಂಟು ಸಾಲುತ್ತಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಕಾರಣವೂ ಗೊತ್ತಿತ್ತು. ಕರೆಂಟಿನ ಏರಿಳಿತ ಸರಿದೂಗಿಸಲು ಕಂಪ್ಯೂಟರ್ ಜೊತೆಗೆ ಬಂದಿದ್ದ ಸ್ಟೆಬಿಲೈಜರ್ ಅಧ್ಯಕ್ಷರ ಮನೆ ಸೇರಿ ಕಲರ್ ಟೀವಿಯ ಕೆಳಗೆ ಕೂತಿತ್ತು.

ವಾಪಸ್ ಕೇಳಲು ಹೋದವನಿಗೆ ಅಲ್ಲಿ ಕಾಫಿ ಕೊಟ್ಟರು. ಕುಡಿದು ಬಂದ. ಸಂಘದಲ್ಲಿ ಯಾರಾದರೂ ವಿಚಾರಿಸಿದರೆ, ತನ್ನ ಕೈಯಿಂದಲೇ ಏನೋ ತಪ್ಪಾಗಿದೆ ಅನ್ನುತ್ತಿದ್ದ.

“ನಾಲಿಗೆ ಬಿದ್ದೋಗೈತೇನ್ರಿ ನಿಮಗೆ?” ಎಂದು ಕಸ್ತೂರಮ್ಮ ಕೇಳಿದ್ದಳು.

“ದೊಡ್ಡೋರ ಮನೆ ವಿಷಯ ಕಣೇ. ಹೊರಗೆ ಆಡಾಕೆ ಆಗ್ತೈತಾ?”

ಆ ಮೆತ್ತಗಿನ ದನಿ ಕೇಳಿ ಅವಳಿಗೆ ಹೇಸಿಗೆಯಾಗಿತ್ತು. ಸಾರು ಬಡಿಸಿ ಮುಖ ತಿರುಗಿಸಿ ಕೂತಳು. ಅವನು ತಲೆ ತಗ್ಗಿಸಿ ಉಂಡು, ತನ್ನ ತಟ್ಟೆ ತಾನೇ ತೊಳೆದಿಟ್ಟು ಮಲಗಿದ.

*

ಹೊಲದ ಗುಂಡಿಯಲ್ಲಿ ಅವನನ್ನು ಕೂರಿಸಿ ಅಯ್ಯನವರು ವಿಭೂತಿ, ಪತ್ರೆ ಇಟ್ಟರು. ಎರಡು ಮಾತಾಡಲು ಅಧ್ಯಕ್ಷರೇ ಮುಂದೆ ಬಂದರು.

“ಮಿಷಿನ್ ಕೆಡಿಸಿದ, ಅದು ಬ್ಯಾರೆ ಮಾತು. ಮನುಷ್ಯ ಮಾತ್ರ ಭಾಳ ಒಳ್ಳೇವನು,” ಎಂದು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು.

ಕಸ್ತೂರಮ್ಮ ಹೆಂಗಸರ ನಡುವಿನಿಂದ ಎದ್ದು ಬಂದಳು. ಪಾಪಣ್ಣ ಅಡ್ಡ ಬಂದು, ಬೇಡ ಅತ್ತಿಗೆ, ಎಂದು ಪಿಸುಗುಟ್ಟಿದ. ಅವಳು ಅವನನ್ನು ಸರಿಸಿದಳು.

“ಮಿಷಿನ್ ಇವರು ಕೆಡಿಸಿಲ್ರಿ. ಅದರ ಸ್ಟೆಬಿಲೈಜರ್ ನಿಮ್ಮನೆ ಟೀವಿ ಕೆಳಗೈತೆ. ಕೇಳಾಕೆ ಬಂದೋರಿಗೆ ಕಾಫಿ ಕುಡಿಸಿ ಕಳಿಸಿದ್ರಿ.” ಗುಂಡಿಯ ಅಂಚಿನಲ್ಲಿ ನಿಂತು ಉಸಿರೆಳೆದುಕೊಂಡಳು. “ನಿಮ್ಮ ಕೈಯಿಂದ ಇವರಿಗೆ ಮಣ್ಣು ಬ್ಯಾಡ.”

ಪಾಪಣ್ಣನೇ ಮೊದಲು ಬಗ್ಗಿ ಮಣ್ಣು ಹಾಕಿದ. ಆಮೇಲೆ ಒಬ್ಬೊಬ್ಬರೇ ಅಧ್ಯಕ್ಷರನ್ನು ಸುತ್ತುಬಳಸಿ ಬಂದು ಹಾಕಿದರು. ಗುಂಡಿ ತುಂಬುವವರೆಗೂ ಅಧ್ಯಕ್ಷರು ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಬೆವರಿಗೆ ಒದ್ದೆಯಾದ ಮಣ್ಣು ಬೆರಳ ಸಂದಿಯಿಂದ ಜಾರಿ ಅವರ ಇಸ್ತ್ರಿಯ ಬಿಳಿ ಪಂಚೆಯ ಮೇಲೆ ಉದುರುತ್ತಿತ್ತು.